ವೋಲ್ಟೇಜ್ ಇಳಿದಿದ್ದಕ್ಕೆ ಖುಷಿಪಟ್ಟೆ: ಪಾಲಿಮರ್ ಹಾಳೆಯ ಐದು ವಾರ

ವಾರ 1

ಬ್ಯಾಟರಿಯಲ್ಲಿ ಲಿಥಿಯಂ ಲೋಹ ಬಳಸುವ ಆಸೆ ಬಿಡುವುದು ಕಷ್ಟ. ಗ್ರಾಂಗೆ 3860 ಮಿಲಿಆಂಪ್ ಅವರ್ ಕೊಡುತ್ತದೆ, ಮಾಮೂಲಿ ಬ್ಯಾಟರಿಯ ಗ್ರಾಫೈಟ್ ಕೊಡುವುದು ಬರೀ 372. ಆದರೆ ಚಾರ್ಜ್ ಮಾಡುವಾಗ ಅದು ಸಮನಾಗಿ ಕೂರದೆ ಮುಳ್ಳುಮುಳ್ಳಾಗಿ ಬೆಳೆಯುತ್ತದೆ. ಮುಳ್ಳು ಆ ಕಡೆ ಮುಟ್ಟಿದರೆ ಶಾರ್ಟ್. ಸುತ್ತ ಇರುವ ದ್ರವ ಎಲೆಕ್ಟ್ರೋಲೈಟ್ (ಲಿಥಿಯಂ ಅಯಾನ್‌ಗಳನ್ನು ದಾಟಿಸುವ ಮಾಧ್ಯಮ) ಬೇರೆ ಬೇಗ ಹೊತ್ತಿಕೊಳ್ಳುವಂಥದ್ದು. ಅದಕ್ಕೇ ದ್ರವದ ಜಾಗದಲ್ಲಿ ಪಾಲಿಮರ್ ಹಾಳೆ ಇಟ್ಟು ನೋಡುತ್ತಿದ್ದೇನೆ.

ಪಾಕ ಹಳೆಯದೇ. ಪಾಲಿಎಥಿಲೀನ್ ಆಕ್ಸೈಡ್, ಅಂದರೆ ಪಿಇಒ, ಜೊತೆಗೆ ಲಿಥಿಯಂ ಇರುವ ಎಲ್‌ಐಟಿಎಫ್‌ಎಸ್‌ಐ ಉಪ್ಪು. 1970ರ ದಶಕದ ಕೊನೆಯಲ್ಲೇ ಫ್ರೆಂಚ್ ವಿಜ್ಞಾನಿ ಮಿಶೆಲ್ ಅರ್ಮಾಂಡ್ ಇಂಥ ಪಾಲಿಮರ್‌ಗಳನ್ನು ಬ್ಯಾಟರಿಗೆ ಬಳಸಬಹುದು ಎಂದಿದ್ದರು. ಸರಪಳಿಯ 18 ಆಮ್ಲಜನಕಕ್ಕೆ ಒಂದು ಲಿಥಿಯಂ ಎಂದು ಲೆಕ್ಕ ಹಾಕಿದೆ: 1 ಗ್ರಾಂ ಪಿಇಒಗೆ 0.36 ಗ್ರಾಂ ಉಪ್ಪು. ಉಪ್ಪನ್ನು ಗ್ಲವ್ ಬಾಕ್ಸ್ (ತೇವವಿಲ್ಲದ, ಮುಚ್ಚಿದ ಪೆಟ್ಟಿಗೆ) ಹೊರಗೆ ತೂಗಿದ್ದೇ ಮೊದಲ ತಪ್ಪು. ನೋಡನೋಡುತ್ತಲೇ ಗಾಳಿಯ ತೇವ ಕುಡಿದು ಚಮಚಕ್ಕೆ ಅಂಟಿಕೊಂಡಿತು.

ಅಸಿಟೋನೈಟ್ರೈಲ್ ಎಂಬ ದ್ರಾವಕದಲ್ಲಿ ಕಲಸಿ ಟೆಫ್ಲಾನ್ ತಟ್ಟೆಗೆ ಹುಯ್ದೆ. ಅವಸರದಲ್ಲಿ ಒಣಗಿಸಿದ್ದರಿಂದ ಮೈತುಂಬಾ ಗುಳ್ಳೆ. ಎರಡನೇ ಸಲ ಮುಚ್ಚಳ ಓರೆಯಾಗಿಟ್ಟು ನಿಧಾನಕ್ಕೆ ಆರಲು ಬಿಟ್ಟೆ, ಆಮೇಲೆ ನಿರ್ವಾತದಲ್ಲಿ 60 ಡಿಗ್ರಿಗೆ ಒಂದು ದಿನ. 100 ಮೈಕ್ರಾನ್ ದಪ್ಪದ, ಹಾಲುಬಣ್ಣದ ಹಾಳೆ ಬಂತು.

ವಾರ 2

16 ಮಿ.ಮೀ. ಅಗಲದ ಬಿಲ್ಲೆ ಕತ್ತರಿಸಿ ಎರಡು ಸ್ಟೀಲ್ ಬಿಲ್ಲೆಗಳ ನಡುವೆ ಇಟ್ಟು ಅದರ ರೋಧ ಅಳೆದೆ. 70 ಡಿಗ್ರಿಯಲ್ಲಿ 17 ಓಮ್. 25 ಡಿಗ್ರಿಯಲ್ಲಿ ಸುಮಾರು 1000! ಪಾಲಿಮರ್ ಸರಪಳಿ ಅಲುಗಾಡಿದರೇನೇ ಲಿಥಿಯಂ ಮುಂದಕ್ಕೆ ಹೋಗುವುದು. ತಣ್ಣಗಾದಾಗ ಪಿಇಒ ಹರಳುಗಟ್ಟಿ ಕುಳಿತುಬಿಡುತ್ತದೆ. ಹಾಗಾಗಿ ಎಲ್ಲ ಪರೀಕ್ಷೆಯೂ ಇನ್ನು ಓವನ್ ಒಳಗೇ.

ವಾರ 4

ಎರಡೂ ಕಡೆ 12 ಮಿ.ಮೀ. ಅಗಲದ ಲಿಥಿಯಂ ಬಿಲ್ಲೆ, ನಡುವೆ ಹಾಳೆ. 70 ಡಿಗ್ರಿ, ಚದರ ಸೆಂ.ಮೀ.ಗೆ 0.1 ಮಿಲಿಆಂಪ್, ಒಂದು ಗಂಟೆ ಆ ಕಡೆ, ಒಂದು ಗಂಟೆ ಈ ಕಡೆ. ಮೂರು ದಿನ ವೋಲ್ಟೇಜ್ 40 ಮಿಲಿವೋಲ್ಟ್ ಆಸುಪಾಸಿನಲ್ಲೇ ಇತ್ತು. ನಾಲ್ಕನೇ ದಿನ ಬೆಳಿಗ್ಗೆ ನೋಡಿದರೆ 1 ಮಿಲಿವೋಲ್ಟ್. ಲಿಥಿಯಂ ಮತ್ತು ಹಾಳೆ ಚೆನ್ನಾಗಿ ಹೊಂದಿಕೊಂಡವು ಅಂದುಕೊಂಡು ಗೆಳೆಯನಿಗೆ ಗ್ರಾಫ್ ಕಳಿಸಿದೆ. ಅವನ ಉತ್ತರ ಒಂದೇ ಸಾಲು: "ಹಾಳೆಯ ಓಮ್ ಎಷ್ಟು ಅಂತ ಗುಣಿಸಿ ನೋಡಿದ್ಯಾ?"

ಗುಣಿಸಿದೆ. ಈ ಅಗಲಕ್ಕೆ ಹಾಳೆಯೊಂದರದ್ದೇ 30 ಓಮ್, ಕರೆಂಟ್ 0.113 ಮಿಲಿಆಂಪ್. ಅಂದರೆ ಲಿಥಿಯಂ ಮೇಲ್ಮೈಗಳ ಲೆಕ್ಕ ಬಿಟ್ಟರೂ 3.4 ಮಿಲಿವೋಲ್ಟ್ ಇರಲೇಬೇಕು. 1 ಬಂದಿದೆ ಅಂದರೆ ಅಯಾನ್ ಅಲ್ಲ, ಎಲೆಕ್ಟ್ರಾನ್ ನೇರವಾಗಿ ಹರಿಯುತ್ತಿದೆ. ಮೆಲ್ಲಗಾದ ಶಾರ್ಟ್. ಗೆರೆಯ ಆಕಾರವೂ ಅದನ್ನೇ ಹೇಳುತ್ತಿತ್ತು. ಮೊದಲು ಪ್ರತಿ ಗಂಟೆಯೂ ಗೆರೆ ಬಾಗಿ ಮೇಲೇರುತ್ತಿತ್ತು, ಯಾಕೆಂದರೆ ಉಪ್ಪಿನ ಸಾಂದ್ರತೆ ಒಂದು ಕಡೆ ಹೆಚ್ಚಿ ಇನ್ನೊಂದು ಕಡೆ ಕುಗ್ಗುತ್ತದೆ. ಈಗ ಸ್ಕೇಲ್ ಇಟ್ಟು ಎಳೆದಷ್ಟು ಚಪ್ಪಟೆ. ಸೊನ್ನೆಗೆ ಬೀಳದ ಕಾರಣ ಯಂತ್ರ ಸುಮ್ನೆ ಓಡುತ್ತಲೇ ಇತ್ತು.

ಸೆಲ್ ಬಿಚ್ಚಿದೆ. ಹಾಳೆ ಅಂಚಿನಲ್ಲಿ ತೆಳುವಾಗಿ ಹೊರಕ್ಕೆ ಹಿಂಡಿಕೊಂಡಿತ್ತು, ಅಲ್ಲೇ ಸಾಸಿವೆಗಿಂತ ಚಿಕ್ಕ ಕಪ್ಪು ಚುಕ್ಕೆ. ಪಿಇಒ ಸುಮಾರು 65 ಡಿಗ್ರಿಗೆ ಕರಗುತ್ತದೆ. ನಾನು 70ರಲ್ಲಿ, ಅದೂ ಸ್ಪ್ರಿಂಗ್ ಒತ್ತಡದಲ್ಲಿ ಇಟ್ಟಿದ್ದೆ. ಮುಳ್ಳನ್ನು ಬೈಯುವ ಮೊದಲು ನನ್ನ ಜೋಡಣೆಯನ್ನೇ ಬೈಯಬೇಕಿತ್ತು, ಅಲ್ವಾ?

ವಾರ 5

ಹುಯ್ಯುವ ಮುಂಚೆ ಸ್ವಲ್ಪ ಬೆಂಝೋಫಿನೋನ್ (ಬೆಳಕು ಬಿದ್ದಾಗ ಕೆಲಸ ಮಾಡುವ ರಾಸಾಯನಿಕ) ಬೆರೆಸಿ, ಒಣಗಿದ ಹಾಳೆಗೆ ಅತಿನೇರಳೆ ಬೆಳಕು ಕೊಟ್ಟೆ. ಇದರಿಂದ ಸರಪಳಿಗಳು ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ತುಂಡೊಂದನ್ನು ಅಸಿಟೋನೈಟ್ರೈಲ್‌ಗೆ ಹಾಕಿದೆ. ಹಳೆಯ ಹಾಳೆ ಕರಗಿಹೋಯಿತು, ಹೊಸದು ಉಬ್ಬಿದರೂ ಇಡಿಯಾಗಿ ಉಳಿಯಿತು. 70 ಡಿಗ್ರಿಯಲ್ಲಿ 21 ಓಮ್, ಸ್ವಲ್ಪ ಜಾಸ್ತಿ, ಪರವಾಗಿಲ್ಲ. ಸುತ್ತಲೂ ತೆಳ್ಳನೆ ಪ್ಲಾಸ್ಟಿಕ್ ಉಂಗುರವನ್ನೂ ಇಟ್ಟೆ, ಹಿಂಡಿಕೊಳ್ಳದಿರಲಿ ಅಂತ.

ನಿನ್ನೆ ರಾತ್ರಿಗೆ 130 ಗಂಟೆ ಆಯಿತು. 52 ಮಿಲಿವೋಲ್ಟ್, ಗೆರೆ ಇನ್ನೂ ಬಾಗಿದೆ.