ಅಂಗಳದ ಮೂಲೆಯ ಜಾಲರಿ

ನಾನು ಪಾಠ ಮಾಡುವ ಶಾಲೆಯ ಅಂಗಳದ ಮೂಲೆಯಲ್ಲಿ ಕಬ್ಬಿಣದ ಜಾಲರಿ ಹೊದಿಸಿದ ಮಳೆನೀರಿನ ಚರಂಡಿಯೊಂದಿದೆ. ಚಿತ್ರಕಲೆಯ ತರಗತಿ ಮುಗಿದ ಮೇಲೆ ಮಕ್ಕಳು ಕುಂಚ ತೊಳೆದ ಬಣ್ಣದ ನೀರನ್ನು ಅಲ್ಲಿಗೇ ಸುರಿಯುತ್ತಿದ್ದುದನ್ನು ನಾನು ಬಹಳ ದಿನ ಕಂಡೂ ಕಾಣದವನಂತೆ ಇದ್ದೆ. ಶೌಚಾಲಯದ ನೀರಿಗಾದರೂ ಶುದ್ಧೀಕರಣ ಘಟಕದ ದಾರಿ ಇರಬಹುದು. ಈ ಚರಂಡಿಗೆ ಬಿದ್ದದ್ದು ಸಾಮಾನ್ಯವಾಗಿ ಯಾವ ಶುದ್ಧೀಕರಣವೂ ಇಲ್ಲದೆ ನೇರವಾಗಿ ಕೆರೆಯನ್ನೋ ಹೊಳೆಯನ್ನೋ ಸೇರುತ್ತದೆ.

ಒಂದು ಚದರ ಮೀಟರ್ ನೆಲದ ಮೇಲೆ 1 ಮಿಲಿಮೀಟರ್ ಮಳೆಯಾದರೆ 1 ಲೀಟರ್ ನೀರು. ಆ ಲೆಕ್ಕದಲ್ಲಿ 1,000 ಚದರ ಮೀಟರಿನ ಕಾಂಕ್ರೀಟ್ ಅಂಗಳದ ಮೇಲೆ 20 ಮಿಲಿಮೀಟರ್ ಮಳೆ ಸುರಿದಾಗ ಸುಮಾರು 20,000 ಲೀಟರ್ ನೀರು, ಬಸ್ಸು ನಿಲ್ಲುವ ಜಾಗದ ಎಣ್ಣೆಯ ಜಿಡ್ಡು, ಮೈದಾನದ ಸಡಿಲ ಮಣ್ಣು, ಚಾಕೊಲೇಟಿನ ಹೊದಿಕೆ, ತರಗೆಲೆಗಳನ್ನೆಲ್ಲ ಬಾಚಿಕೊಂಡು ಓಡುತ್ತದೆ. ತರಗೆಲೆಯಿಂದೇನು ಕೆಡುಕು ಎಂದು ಕೇಳುವವರಿದ್ದಾರೆ. ಅದು ಕೊಳೆತಾಗ ಹೊರಬೀಳುವ ರಂಜಕವು ಪಾಚಿಗೆ ಗೊಬ್ಬರವಾಗುತ್ತದೆ, ಆ ಪಾಚಿ ಸತ್ತು ಕೊಳೆಯುವಾಗ ನೀರಿನಲ್ಲಿ ಕರಗಿರುವ ಆಮ್ಲಜನಕ ಕುಗ್ಗಿ ಮೀನುಗಳು ಉಸಿರುಗಟ್ಟುತ್ತವೆ.

ಆದ್ದರಿಂದ ಅಂಗಳವನ್ನು ಪೈಪಿನ ನೀರು ಬಿಟ್ಟು ತೊಳೆಯುವುದಕ್ಕಿಂತ ಒಣಗಿರುವಾಗಲೇ ಗುಡಿಸುವುದು ಮೇಲು. ಎಣ್ಣೆ ಚೆಲ್ಲಿದಲ್ಲಿ ಮರದ ಹೊಟ್ಟು ಉದುರಿಸಿ, ಅದು ಹೀರಿಕೊಂಡ ಮೇಲೆ ಬಾಚಿ ತೆಗೆಯಬೇಕು. ಕುಂಚಗಳನ್ನು ಈಗ ಒಳಗಿನ ಸಿಂಕಿನಲ್ಲಿ ತೊಳೆಸುತ್ತೇವೆ. ಜಾಲರಿಯ ಪಕ್ಕದಲ್ಲಿ ಮಕ್ಕಳು ಮೀನೊಂದರ ಚಿತ್ರ ಬರೆದಿದ್ದಾರೆ. ಬಾಲ ಮಾತ್ರ ಮೈಗಿಂತ ದೊಡ್ಡದಾಗಿದೆ.