ವೈಫೈ ಇರುವ ಬ್ಲೂ-ರೇ ಪ್ಲೇಯರ್ ಆರಿಸುವಾಗ

ಧಾರವಾಡದ ನಮ್ಮ ಮನೆಯಲ್ಲಿ ಡಿಸ್ಕಿನಲ್ಲೂ ಇಂಟರ್‌ನೆಟ್ಟಿನಲ್ಲೂ ಸಿನಿಮಾ ನೋಡಲು ವೈಫೈ ಇರುವ ಬ್ಲೂ-ರೇ (ಡಿವಿಡಿಗಿಂತ ಹೆಚ್ಚು ಹಿಡಿಯುವ ಡಿಸ್ಕ್) ಪ್ಲೇಯರ್ ಕೊಳ್ಳಬೇಕೆಂದು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಅಂಗಡಿಗಳಲ್ಲಿ ವಿಚಾರಿಸಿ ಬಂದೆ. ಪೆಟ್ಟಿಗೆಯ ಮೇಲೆ ‘ವೈಫೈ ರೆಡಿ’ ಎಂದಷ್ಟೇ ಇದ್ದರೆ ಸಾಮಾನ್ಯವಾಗಿ ಯುಎಸ್‌ಬಿ ಡಾಂಗಲ್ (ವೈಫೈಗಾಗಿ ಪ್ಲೇಯರಿಗೆ ಸಿಕ್ಕಿಸುವ ಪುಟ್ಟ ಸಾಧನ) ಬೇರೆಯಾಗಿ ಕೊಳ್ಳಬೇಕಾಗುತ್ತದೆ. ವೈಫೈ ಯಂತ್ರದೊಳಗೇ ಇದೆಯೇ ಎಂದು ಹಣ ಕೊಡುವ ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು.

ನಮ್ಮದು ದಪ್ಪ ಗೋಡೆಗಳ ಹಳೆಯ ಮನೆ. ರೌಟರ್ ಪಡಸಾಲೆಯಲ್ಲಿದೆ, ಟಿವಿ ಒಳಕೋಣೆಯಲ್ಲಿದೆ. ವೈಫೈನ 5 ಗಿಗಾಹರ್ಟ್ಸ್ ಸಂಕೇತ ವೇಗವಾಗಿದ್ದರೂ ಗೋಡೆ ದಾಟುವಾಗ ಬೇಗ ಕ್ಷೀಣಿಸುತ್ತದೆ, 2.4 ಗಿಗಾಹರ್ಟ್ಸ್ ಅದಕ್ಕಿಂತ ದೂರ ತಲುಪುತ್ತದೆ. ಆದ್ದರಿಂದ ರೌಟರಿನಿಂದ ತಂತಿಯಲ್ಲೇ ಇಂಟರ್‌ನೆಟ್ ತರುವ ಲ್ಯಾನ್ ಕೇಬಲ್ ಜೋಡಿಸುವ ಕಿಂಡಿಯೂ ಇರಲೇಬೇಕೆಂದು ನಿಶ್ಚಯಿಸಿದ್ದೇನೆ.

ಅಪ್ಪ ಜೋಪಾನ ಮಾಡಿರುವ ಡಿವಿಡಿಗಳೂ ಇದೇ ಯಂತ್ರದಲ್ಲಿ ಓಡುತ್ತವೆ ಎಂಬುದು ನನಗೆ ಬಹಳ ಸಮಾಧಾನದ ಸಂಗತಿ. ಅವರು ಇಂದಿಗೂ ಪ್ರತಿ ಡಿಸ್ಕನ್ನು ಅಂಚಿನಲ್ಲಿ ಹಿಡಿದು, ಮೆತ್ತನೆಯ ಅರಿವೆಯಿಂದ ನಡುವಿನಿಂದ ಹೊರಗಿನತ್ತ ನೇರವಾಗಿ ಒರೆಸುತ್ತಾರೆ. ಒಂದು ಪದರದ ಡಿವಿಡಿಯಲ್ಲಿ 4.7 ಜಿಬಿ, ಎರಡು ಪದರದ ಬ್ಲೂ-ರೇಯಲ್ಲಿ 50 ಜಿಬಿ ಹಿಡಿಯುವುದರಿಂದ ಚಿತ್ರದ ಸ್ಪಷ್ಟತೆಯಲ್ಲಿ ಎದ್ದು ಕಾಣುವ ವ್ಯತ್ಯಾಸವಿರುತ್ತದೆ; ಆದರೆ ಎರಡಕ್ಕೂ ಇಂಟರ್‌ನೆಟ್ಟಿನ ಹಂಗಿಲ್ಲ. ಕೈಯಲ್ಲಿರುವ ಸಿನಿಮಾವನ್ನು ಯಾವ ಕಂಪನಿಯೂ ಒಂದು ದಿನ ಹಿಂತೆಗೆದುಕೊಳ್ಳಲಾರದು ಎಂಬ ಭರವಸೆ ದೊಡ್ಡದು.

ವಿದೇಶದಿಂದ ಡಿಸ್ಕ್ ತರಿಸುವವರು ವಲಯ ಸಂಕೇತವನ್ನೂ (ಒಂದು ವಲಯದ ಡಿಸ್ಕ್ ಇನ್ನೊಂದು ವಲಯದ ಪ್ಲೇಯರಿನಲ್ಲಿ ಓಡದಂತೆ ತಡೆಯಬಲ್ಲ ಗುರುತು) ಗಮನಿಸಬೇಕು: ಬ್ಲೂ-ರೇಗೆ ಭಾರತ ‘ಸಿ’ ವಲಯ, ಅಮೆರಿಕ ‘ಎ’ ವಲಯ. 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕುಗಳಿಗೆ ಮಾತ್ರ ಈ ನಿರ್ಬಂಧವಿಲ್ಲ.