ಕಿತ್ತಳೆಯಾಗಿಬಿಟ್ಟ ಬಾದಾಮಿ

18 ಜನವರಿ 2025, ಶನಿವಾರ
ಬಾದಾಮಿ, ರಾತ್ರಿ ಹತ್ತು ಗಂಟೆ

ಲಾಡ್ಜಿನ ಟ್ಯೂಬ್‌ಲೈಟಿನ ಕೆಳಗೆ ಕುಳಿತು ಇವತ್ತು ಟ್ಯಾಬಿನಲ್ಲಿ ಬಿಡಿಸಿದ ಚಿತ್ರವನ್ನು ತೆರೆದು ನೋಡಿದರೆ ನಗು ಬಂತು. ಬಂಡೆಗಳಿಗೆಲ್ಲ ಜಿಲೇಬಿಯ ಬಣ್ಣ. ಭೂತನಾಥನ ಗುಡಿಯನ್ನು ಪಾಕದಲ್ಲಿ ಅದ್ದಿ ತೆಗೆದಂತಿದೆ. ಅಗಸ್ತ್ಯ ತೀರ್ಥದ ಹೊಂಡದ ನೀರೋ, ಹಸಿರು ಶಾಯಿ ಚೆಲ್ಲಿದ ಹಾಗೆ. ಮಧ್ಯಾಹ್ನ ಮೂರರಿಂದ ಕಣ್ಣು ಕಿರಿದು ಮಾಡಿಕೊಂಡು, ಬೆವರು ಒರೆಸಿಕೊಂಡು ಬಿಡಿಸಿದ್ದು ಇದನ್ನೇ?

ಬೆಳಿಗ್ಗೆ ಹುಬ್ಬಳ್ಳಿಯಿಂದ ಬಂದ ಬಸ್ಸಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಬನದ ಹುಣ್ಣಿಮೆ ಕಳೆದು ಐದು ದಿನವಾಗಿದ್ದರೂ ಬನಶಂಕರಿ ಜಾತ್ರೆಯ ಜನ ಕಡಿಮೆಯಾಗಿಲ್ಲ. ಟ್ಯಾಬನ್ನು ಎದೆಗೆ ಅವುಚಿಕೊಂಡೇ ನಿಂತು ಬಂದೆ. ಜಾತ್ರೆಗೆ ಹೋಗದೆ ಬಾದಾಮಿಯಲ್ಲೇ ಇಳಿದವಳನ್ನು ಪಕ್ಕದ ಅಜ್ಜಿ ಅನುಮಾನದಿಂದ ನೋಡಿದರು. ನಾಳೆ ಹೋಗುತ್ತೇನೆ ಅಜ್ಜಿ, ಬುಟ್ಟಿ ಹೊತ್ತು ಬರುವವರ ಜೋಳದ ರೊಟ್ಟಿ, ಗಡಿಗೆ ಮೊಸರು ಬಿಡುವವಳಲ್ಲ ನಾನು.

ಹೊಂಡದ ಊರ ಕಡೆಯ ಮೆಟ್ಟಿಲ ಮೇಲೆ ಕುಳಿತರೆ ಎದುರಿಗೆ, ಪೂರ್ವದ ದಡದಲ್ಲಿ, ಭೂತನಾಥನ ಗುಡಿ. ಸಂಜೆಯ ಬಿಸಿಲು ನೇರವಾಗಿ ಅದರ ಮೇಲೆ ಬೀಳುತ್ತದೆ. ಚಿತ್ರ ಬಿಡಿಸುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೇ ಎಂದುಕೊಂಡು ಟ್ಯಾಬ್ ತೆರೆದೆ. ಪರದೆಯಲ್ಲಿ ನನ್ನದೇ ಬಿಳಿ ಕುರ್ತಾ ಕಂಡಿತು. ಗುಡಿಗೆ ಬೀಳುವ ಬಿಸಿಲು ನನ್ನ ಬೆನ್ನ ಹಿಂದಿನಿಂದಲೇ ಬರಬೇಕಲ್ಲ, ಪರದೆಯ ಮೇಲೂ ಅದೇ ಬಿಸಿಲು. ಹೊರಗೆ ಟ್ಯಾಬಿನಲ್ಲಿ ಬಿಡಿಸುವಾಗ ಕಡುಬಣ್ಣದ ಅಂಗಿ ತೊಡಬೇಕು, ಕಪ್ಪು ಕೊಡೆ ಇಟ್ಟುಕೊಂಡಿರಬೇಕು ಎಂದು ಗೊತ್ತಿಲ್ಲದವಳಲ್ಲ. ಬಣ್ಣದ ಕೊಡೆಯಾದರೆ ಅದರ ಬಣ್ಣವೇ ಪರದೆಗೆ ಇಳಿಯುತ್ತದೆ ಎಂದು ಊರವರಿಗೆಲ್ಲ ಬುದ್ಧಿ ಹೇಳುವ ನಾನೇ ಕೊಡೆಯನ್ನು ಮನೆಯ ಬಾಗಿಲ ಹಿಂದೆ ಬಿಟ್ಟು ಬಂದಿದ್ದೆ.

ಬೆಳಕನ್ನು ಪೂರ್ತಿ ಏರಿಸಿದೆ. ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣವನ್ನು ತಾನೇ ತಿದ್ದುವ ಸೌಲಭ್ಯವನ್ನು ಮೊದಲೇ ಆಫ್ ಮಾಡಿದ್ದೆ, ಅದರ ಉಪಕಾರ ನನಗೆ ಬೇಡ. ಆದರೂ ಮೋಸ ಹೋದೆ. ಜಲವರ್ಣದಲ್ಲಿ ಈ ತಾಪತ್ರಯವಿಲ್ಲ. ಬಂಡೆಗೆ ಬೀಳುವ ಬಿಸಿಲೇ ಕಾಗದಕ್ಕೂ ಬೀಳುತ್ತದೆ, ಎರಡನ್ನೂ ಕಣ್ಣು ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಟ್ಯಾಬಿಗೆ ತನ್ನದೇ ದೀಪ. ಬಿಸಿಲಿಗೆ ಹೊಂದಿಕೊಂಡ ಕಣ್ಣಿಗೆ ಆ ದೀಪ ಮಂಕು. ಹಾಗಾಗಿ ಕೈ ತನ್ನಷ್ಟಕ್ಕೆ ಇನ್ನಷ್ಟು ತಿಳಿ, ಇನ್ನಷ್ಟು ಢಾಳು ಬಣ್ಣವನ್ನು ಆರಿಸುತ್ತಾ ಹೋಗುತ್ತದೆ. ನೆರಳಿನ ಭಾಗವಂತೂ ಪ್ರತಿಫಲನದಲ್ಲಿ ಮಸುಕಾಗಿ, ಸಾಲದು ಎನಿಸಿ ಮತ್ತಷ್ಟು ಕಪ್ಪು ಸುರಿಯುತ್ತೇವೆ. ಒಳಗೆ ಬಂದು ನೋಡಿದರೆ ಬಯಲಾಟದ ವೇಷ.

ಚಿತ್ರಕಾರ ಡೇವಿಡ್ ಹಾಕ್ನಿ 2011ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ವಸಂತ ಬರುವುದನ್ನು ಐಪ್ಯಾಡಿನಲ್ಲೇ ಬಿಡಿಸಿದರು. ಆ ಮಂಜಿನ, ಮೋಡದ ನಾಡಿನ ಬೆಳಕು ಬೇರೆ. ಅವರು ಒಂದು ಜನವರಿಯ ಮಧ್ಯಾಹ್ನ ಬಾದಾಮಿಯ ಮೆಟ್ಟಿಲ ಮೇಲೆ ಕುಳಿತಿದ್ದರೆ ಏನು ಮಾಡುತ್ತಿದ್ದರೋ. ಜನವರಿಯೇ ವಾಸಿ. ಟ್ಯಾಬನ್ನು 35 ಡಿಗ್ರಿಯೊಳಗಿನ ವಾತಾವರಣದಲ್ಲಿ ಬಳಸಿ ಎಂದು ಅದನ್ನು ಮಾಡಿದವರು ಬರೆದಿದ್ದಾರೆ. ಕಳೆದ ಏಪ್ರಿಲ್‌ನಲ್ಲಿ ಅದನ್ನು ಓದದೆ ಬಿಸಿಲಿಗಿಟ್ಟು, ಅದು ಕಾದು ಮುಚ್ಚಿಕೊಂಡು, ಒದ್ದೆ ಟವೆಲು ಸುತ್ತಲು ಹೊರಟಿದ್ದೆ. ಪುಣ್ಯಕ್ಕೆ ಪಕ್ಕದಲ್ಲಿದ್ದ ತಮ್ಮ ತಡೆದ.

ಇವತ್ತು ಹೆಚ್ಚು ಹೊತ್ತು ಹಿಡಿದದ್ದು ಬಂಡೆ. ಈ ಮರಳುಗಲ್ಲನ್ನು ಕೆಂಪು ಎಂದುಬಿಡುತ್ತೇವೆ. ಒಂದು ಗಂಟೆ ನೋಡುತ್ತಾ ಕುಳಿತರೆ ಅದು ಕೆಂಪಲ್ಲ. ಬಿಸಿಲು ತಗುಲಿದ ಅಂಚು ಸುಟ್ಟ ಇಟ್ಟಿಗೆ, ಅದರ ಕೆಳಗಿನ ನೆರಳು ನೇರಳೆಹಣ್ಣು ಕಚ್ಚಿದ ನಾಲಿಗೆ. ಮಳೆನೀರು ಇಳಿದಲ್ಲಿ ಕಪ್ಪು ಪಟ್ಟೆಗಳು, ಒಲೆಯ ಹಿಂದಿನ ಗೋಡೆಯ ಹಾಗೆ. ಕಲ್ಲಿನ ಪದರಗಳು ಅಡ್ಡಡ್ಡ ಮಲಗಿವೆ, ಅಲ್ಲಲ್ಲಿ ಒಂದು ಪದರದ ಒಳಗಿನ ಗೆರೆಗಳು ಮಾತ್ರ ಓರೆ. ಎಂದೋ ಹರಿದ ನೀರು ಮರಳನ್ನು ಆ ಓರೆಯಲ್ಲೇ ಸುರಿದು ಹೋದದ್ದು. ಆ ಓರೆ ಗೆರೆಗಳನ್ನು ಹಿಡಿಯಲು ಒಣ ಕುಂಚವನ್ನು ಆರಿಸಿ, ಟ್ಯಾಬಿನ ಪೆನ್ಸಿಲನ್ನು ಮಲಗಿಸಿ, ಕಲ್ಲು ಬಿದ್ದಿರುವ ದಿಕ್ಕಿಗೇ ಎಳೆದೆ. ಒಮ್ಮೆಗೇ ಬಂತು. ಗುಡಿಯ ಶಿಖರ ಹಾಗಲ್ಲ. ಚಿತ್ರ ಬಿಡಿಸುವ ಪ್ರೊಕ್ರಿಯೇಟ್ ಆ್ಯಪ್, ನಾವು ಎಳೆದ ಗೆರೆಯನ್ನೆಲ್ಲ ವಿಡಿಯೊ ಮಾಡಿ ಇಟ್ಟುಕೊಂಡಿರುತ್ತದೆ, ಚಾಡಿಕೋರನ ಹಾಗೆ. ಈಗ ಓಡಿಸಿ ನೋಡಿದೆ: ಶಿಖರ ಹನ್ನೊಂದು ಸಲ ಎದ್ದು ಹನ್ನೊಂದು ಸಲ ಬಿದ್ದಿದೆ. ಎರಡು ಬೆರಳು ತಾಗಿಸಿದರೆ ಹಿಂದಿನ ಗೆರೆ ಮಾಯವಾಗುವ ಸುಖಕ್ಕೆ ಕೈ ಕೆಟ್ಟಿದೆ. ಅದೇ ಹೊಂಡದ ಮೇಲಿನ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ, ಸುಮಾರು 1300 ವರ್ಷದ ತ್ರಿಪದಿ. ಕೊರೆದವನಿಗೆ ಯಾವ ಎರಡು ಬೆರಳಿನ ಅನುಕೂಲವಿತ್ತು?

ಕೆಳಗಿನ ಮೆಟ್ಟಿಲಲ್ಲಿ ಬಟ್ಟೆ ಒಗೆಯುತ್ತಿದ್ದರು. ದೂರದ ದಡದಲ್ಲಿ ಬಟ್ಟೆ ಕಲ್ಲಿಗೆ ಬಿದ್ದು ಮತ್ತೆ ಮೇಲೆದ್ದ ಮೇಲೆ ಸದ್ದು ಕೇಳುತ್ತಿತ್ತು. ಬಂಡೆಗೆ ಬಡಿದು ಇನ್ನೊಮ್ಮೆ ಬರುತ್ತಿತ್ತು. ಆರು ಗಂಟೆಯ ಹೊತ್ತಿಗೆ ಒಬ್ಬಾಕೆ ಬಕೆಟ್ ಹಿಡಿದು ಮೇಲೆ ಬಂದು ಪರದೆಗೆ ಬಗ್ಗಿದರು.

“ಗುಡಿ ಚೆನ್ನಾಗಿ ಬಂದಿದೆ ತಂಗಿ. ನನ್ನ ಸೀರೆ ಎಲ್ಲಿ ಹೋಯಿತು?”

ಎದುರಿಗೆ ಮೆಟ್ಟಿಲ ಉದ್ದಕ್ಕೂ ಆಕೆಯ ಸೀರೆ ಹಾಸಿತ್ತು. ನನ್ನ ಚಿತ್ರದಲ್ಲಿ ಬರೀ ಮೆಟ್ಟಿಲು. ಗುಡಿಯಿಂದ ಕಣ್ಣು ತಪ್ಪಿಸುತ್ತದೆ ಎಂದು ಬೇಕೆಂದೇ ಬಿಟ್ಟಿದ್ದೆ. “ಇನ್ನೂ ಮುಗಿದಿಲ್ಲ ಅಕ್ಕಾ” ಎಂದು ಸುಳ್ಳು ಹೇಳಿದೆ.

“ಹಾಗಾದರೆ ಮಡಚುವುದಿಲ್ಲ, ಬೇಗ ಮುಗಿಸು” ಎಂದು ಪಕ್ಕದಲ್ಲೇ ಕುಳಿತರು. ಸುಳ್ಳನ್ನು ನಿಜ ಮಾಡದೆ ದಾರಿಯಿರಲಿಲ್ಲ. ಬಿಸಿಲು ಆಗಲೇ ಇಳಿದಿತ್ತು. ಆ್ಯಪಿನಲ್ಲಿ ಹೊಸ ಪದರ ತೆರೆದು ಕಪ್ಪು ಒಡಲು, ಕೆಂಪು ಸೆರಗು ಹಾಕಿದೆ. ಇಳಕಲ್ ಸೀರೆ. ಸೆರಗಿನ ತೋಪುತೆನೆ ವಿನ್ಯಾಸದ ಬಿಳಿ ಹಲ್ಲುಗಳನ್ನು ಪೆನ್ಸಿಲಿನ ಮೊನೆಯಿಂದ ಒಂದೊಂದಾಗಿ ಒತ್ತುತ್ತಿದ್ದರೆ ಆಕೆ ಎಣಿಸುತ್ತಿದ್ದರು. ಎರಡು ಕಡಿಮೆಯಾಗಿವೆ ಎಂದು ಹೇಳಿ ಹಾಕಿಸಿಕೊಂಡೇ ಎದ್ದರು.

ಈಗ ಮತ್ತೊಮ್ಮೆ ನೋಡಿದೆ. ಇಡೀ ಚಿತ್ರದಲ್ಲಿ ಕಣ್ಣಿಗೆ ಕಂಡ ಹಾಗೆಯೇ ಇರುವ ಬಣ್ಣ ಆ ಸೆರಗಿನದೊಂದೇ. ಬಿಸಿಲು ಹೋಗಿ ಹೊರಗಿನ ಬೆಳಕೂ ಟ್ಯಾಬಿನ ಬೆಳಕೂ ಸಮಸಮವಾದ ಆ ಇಪ್ಪತ್ತು ನಿಮಿಷದಲ್ಲಿ ಹಾಕಿದ್ದು. ಬಂಡೆಯ ಬಣ್ಣವನ್ನು ಇಲ್ಲೇ ತಗ್ಗಿಸಿಬಿಡಬಹುದು, ಎರಡು ನಿಮಿಷದ ಕೆಲಸ. ಆದರೆ ಟ್ಯೂಬ್‌ಲೈಟನ್ನು ನಂಬಿ ಬಾದಾಮಿಯ ಬಣ್ಣ ತಿದ್ದುವುದೇ? ನಾಳೆ ಸಂಜೆ ಜಾತ್ರೆಯಿಂದ ಬಂದು, ಬಿಸಿಲು ಇಳಿದ ಮೇಲೆ ಅದೇ ಮೆಟ್ಟಿಲಲ್ಲಿ ಕುಳಿತು ನೋಡುತ್ತೇನೆ. ಜಾತ್ರೆಯಲ್ಲಿ ಕಪ್ಪು ಕೊಡೆ ಸಿಕ್ಕರೂ ಸಿಗಬಹುದು.